ಎರಡನೇ ಕ್ಯಾಸೆಟ್

ಶ್ರಾವಣದ ಎರಡನೇ ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ವಿಸಿಆರ್ ಕ್ಯಾಸೆಟ್ಟನ್ನು ಒಳಗೆಳೆದುಕೊಂಡು ಟಪ್ಪೆಂದು ಬಾಯಿ ಮುಚ್ಚಿದ ಹೊತ್ತು ಅದು. ಗೋಡೆ ಗಡಿಯಾರ ನೋಡಿ ಬರೆದಿಟ್ಟುಕೊಂಡೆ. ಆಗ ನಾನು ಆರನೇ ಕ್ಲಾಸು. ಗೊಬ್ಬರದ ಕಂಪನಿಯವರು ಅಪ್ಪನಿಗೆ ಕೊಟ್ಟಿದ್ದ ಡೈರಿಯನ್ನು ನಾನು ಕೇಳಿ ಇಸಕೊಂಡಿದ್ದೆ. ಕಾಲುವೆಗೆ ನೀರು ಬಿಟ್ಟ ದಿನ, ಕರೆಂಟು ಹೋದ ಹೊತ್ತು, ಟಿವಿಯ ಕುಸ್ತಿಯಲ್ಲಿ ಯಾರು ಯಾರನ್ನು ಕೆಡವಿದರು ಎಂಬುದು, ಎಲ್ಲ ಅದರಲ್ಲಿರುತ್ತಿತ್ತು. ಆ ಭಾನುವಾರದ ಪುಟದಲ್ಲಿ ಶುರುವಾದ ಹೊತ್ತು ಇದೆ. ಮುಗಿದ ಹೊತ್ತು ಇಲ್ಲ. ಇಡೀ ಡೈರಿಯಲ್ಲಿ ನಾನು ಖಾಲಿ ಬಿಟ್ಟ ಜಾಗ ಅದೊಂದೇ, ಅದನ್ನು ನೋಡಿದಾಗಲೆಲ್ಲ ಇವತ್ತಿಗೂ ಸಿಟ್ಟು ಬರುತ್ತದೆ.

ಸಿಂಧನೂರಿನ ನಮ್ಮ ಮನೆ ಉದ್ದಕ್ಕೆ, ಓಣಿಯ ಹಾಗಿತ್ತು. ಬೀದಿಗೆ ಬೀಜ-ಗೊಬ್ಬರದ ಅಂಗಡಿ, ಅದರ ಹಿಂದೆ ಅಂಗಳ, ಅಂಗಳ ದಾಟಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಊಟಕ್ಕೆ ಕೂತರೂ ಯೂರಿಯಾದ ವಾಸನೆ ಮೂಗಿಗೆ ಬರುತ್ತಿತ್ತು. ನೆಂಟರು ಮೂಗು ಮುಚ್ಚಿಕೊಂಡಾಗಲೇ ನಮಗೆ ಅದು ನೆನಪಾಗುತ್ತಿದ್ದುದು. ಅಪ್ಪ ಮತ್ತು ಅವನ ತಮ್ಮ ಬಸವರಾಜ ಕಾಕಾ ಕೂಡಿ ಅಂಗಡಿ ನಡೆಸುತ್ತಿದ್ದರು. ಕಾಕಾನಿಗೆ ಅಂಗಡಿಯಲ್ಲಿ ಕೂತು ಕೂತು ಬೇಸರ. ಅವನೊಂದು ಟೆಂಪೋ ತಂದು ಸಿಂಧನೂರು, ಮಸ್ಕಿ, ಲಿಂಗಸೂಗೂರು ಎಂದು ಜನ ಹೇರಿಕೊಂಡು ತಿರುಗತೊಡಗಿದ. ಅಂಗಡಿ ಬಿಟ್ಟು ಸ್ಟೇರಿಂಗ್ ಹಿಡಿದವನಿಗೆ ಮನೆತನದ ಮಾನ ಗೊತ್ತಿಲ್ಲ ಎಂದು ಅಪ್ಪ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಂದ. ಕಾಕಾ ಸೊಂಟದಿಂದ ಅಂಗಡಿಯ ಕೀಲಿಗೊಂಚಲು ಬಿಚ್ಚಿ ಎಸೆದ. ಅದು ಅಪ್ಪನ ತಾಟಿನಲ್ಲಿ, ರೊಟ್ಟಿಯ ಮೇಲೆ ಬಿತ್ತು. ಅಪ್ಪ ಆ ರೊಟ್ಟಿ ಉಣ್ಣಲಿಲ್ಲ, ಕಾಕಾ ಆ ಕೀಲಿ ಮತ್ತೆ ಮುಟ್ಟಲಿಲ್ಲ. ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು.

ಹಂಚಿಕೆ ಮಾಡಲು ದಢೇಸುಗೂರಿನಿಂದ ಮುತ್ಯಾ ಬಂದ. ಅವನು ಅಪ್ಪನ ತಾಯಿಯ, ಅಂದರೆ ನಮ್ಮ ಆಯಿಯ ಅಣ್ಣ. ಪಡಸಾಲೆಯಲ್ಲಿ ಜಮಖಾನ ಹಾಸಿ, ಮನೆಯ ಸಾಮಾನೆಲ್ಲ ಜೋಡಿ ಜೋಡಿಯಾಗಿ ಇಡಿಸಿದ. ತಾಮ್ರದ ಹಂಡೆಗೆ ಹಿತ್ತಾಳೆ ಕೊಡ ಜೋಡಿ, ಬೀಸುವ ಕಲ್ಲಿಗೆ ಒರಳು ಜೋಡಿ. ಚೀಟಿ ಎತ್ತುವುದು ಮನೆಯ ಹುಡುಗಿಯ ಕೆಲಸ, ಹಾಗಾಗಿ ನಾನೇ ಎತ್ತಬೇಕಾಯಿತು. ಕೊನೆಗೆ ಉಳಿದದ್ದು ಟಿವಿ ಮತ್ತು ವಿಸಿಆರ್. ಮುತ್ಯಾ ಎರಡನ್ನೂ ತೂಗಿ ನೋಡುವವನ ಹಾಗೆ ನೋಡಿದ.

"ಎರಡು ಕರೆಂಟಿನ ಡಬ್ಬಿ ಅದಾವು. ಒಂದು ದೊಡ್ಡವಗ, ಒಂದು ಸಣ್ಣವಗ. ಜೋಡಿ ಚಲೋ ಕೂಡಿತು."

"ಮುತ್ಯಾ, ಅದು ಟಿವಿ ಇಲ್ಲದ ನಡಿಯಂಗಿಲ್ಲ," ಅಂದೆ.

"ಎಲ್ಲಾ ನಡಿತೈತಿ. ಹಂಡೆ ಇಲ್ಲದ ಕೊಡ ನಡಿಯಂಗಿಲ್ಲೇನು? ಚೀಟಿ ಎತ್ತು ಸುಮ್ನ."

ಎತ್ತಿದೆ. ಟಿವಿ ನಮಗೆ ಬಂತು, ವಿಸಿಆರ್ ಕಾಕಾನಿಗೆ. ಅವನು ಅದನ್ನು ಕಾಕಿಯ ಹಳೆಯ ಸೀರೆಯಲ್ಲಿ ಸುತ್ತಿ ಅಲಮಾರಿಗೆ ಇಟ್ಟ. ಇನ್ನೊಂದು ಟಿವಿ ತರುವುದು ಅವನ ಕೈಲಿ ಆಗುತ್ತಿರಲಿಲ್ಲ. ವಿಸಿಆರ್ ಕೊಡು ಎಂದು ಕೇಳುವುದು ಅಪ್ಪನ ಬಾಯಲ್ಲಿ ಆಗುತ್ತಿರಲಿಲ್ಲ. ಇಬ್ಬರೂ ಓದು ಬಲ್ಲವರು, ಟಿವಿ ಇಲ್ಲದ ವಿಸಿಆರ್ ದಂಡ ಎಂದು ಇಬ್ಬರಿಗೂ ಗೊತ್ತಿತ್ತು, ಮುತ್ಯಾನ ಎದುರು ಒಬ್ಬರೂ ಬಾಯಿ ಬಿಡಲಿಲ್ಲ.

ಪಡಸಾಲೆಯ ನಟ್ಟನಡುವೆ ಗೋಡೆ ಏಳಬೇಕೆಂದು ತೀರ್ಮಾನವಾಯಿತು. ಮುತ್ಯಾ ಸುಣ್ಣದ ಗೆರೆ ಎಳೆಸಿ ಹೋದ. ಅಂಗಳದಲ್ಲಿ ಇಟ್ಟಿಗೆ ಬಂದು ಬಿತ್ತು. ಆಯಿ ಮಾತ್ರ ತನ್ನ ಮಣೆ ತಂದು ಆ ಗೆರೆಯ ಮೇಲೆಯೇ ಹಾಕಿಕೊಂಡು ಕೂತಳು. ಹೊತ್ತು ಮೂಡುವ ಮುಂಚೆ ಅಲ್ಲೇ ಕೂತು ಲಿಂಗಪೂಜೆ ಮಾಡಿಕೊಳ್ಳುವಳು. ಉಣ್ಣುವಾಗ ನಮ್ಮವ್ವನಿಂದ ರೊಟ್ಟಿ, ಕಾಕಿಯಿಂದ ಪಲ್ಯ ತರಿಸಿಕೊಳ್ಳುವಳು. ಅವ್ವ ಪಲ್ಯವನ್ನೂ ತಂದರೆ, "ಇದು ಬ್ಯಾಡ, ಆಕಿ ಕಡಿಂದ ತಾ," ಎನ್ನುವಳು. ಹೀಗಾಗಿ ಒಬ್ಬರ ಮನೆಯಲ್ಲಿ ಏನು ಕುದಿಯುತ್ತಿದೆ ಎಂಬುದನ್ನು ಇನ್ನೊಬ್ಬರು ದಿನಾ ಕೇಳಲೇಬೇಕಾಗುತ್ತಿತ್ತು.

ಕುಸ್ತಿ ಬರುತ್ತಿದ್ದುದು ಶನಿವಾರ ಸಂಜೆ, ಕೇಬಲ್ಲಿನಲ್ಲಿ. ವಿದೇಶದ್ದು. ಹಗ್ಗ ಕಟ್ಟಿದ ಚೌಕದೊಳಗೆ ಬಣ್ಣ ಬಣ್ಣದ ಚಡ್ಡಿಯವರು ಒಬ್ಬರನ್ನೊಬ್ಬರು ಎತ್ತಿ ಒಗೆಯುವುದು. ಹುಡುಗನಾಗಿದ್ದಾಗ ಗರಡಿಯ ಮಣ್ಣು ಮೆತ್ತಿಕೊಂಡಿದ್ದ ಅಪ್ಪ, ಇದು ಕುಸ್ತಿಯೇ ಅಲ್ಲ, ಬಯಲಾಟ ಎನ್ನುತ್ತಿದ್ದ. ಆದರೂ ಶನಿವಾರ ಅಂಗಡಿ ಬಾಗಿಲು ಬೇಗ ಹಾಕುತ್ತಿದ್ದ. ಇಂಗ್ಲಿಷು ಯಾರಿಗೂ ತಿಳಿಯುತ್ತಿರಲಿಲ್ಲ, ಹಾಗಾಗಿ ಹೆಸರಿಡುವುದನ್ನು ಆಯಿ ವಹಿಸಿಕೊಂಡಿದ್ದಳು. ಗೋಣಿಚೀಲದಂತೆ ಉರುಳುವವನು ಮೂಟಿ. ಹಗ್ಗದ ಮೇಲಿಂದ ಹಾರಿ ಹಾರಿ ಮೂಟಿಯ ಜೀವ ತಿನ್ನುವವನು ಮಿಡತಿ. ಆ ಇಬ್ಬರ ಜಗಳಕ್ಕೆ ನಾವು ನಗುತ್ತಿದ್ದೆವು. ನಿಜವಾದ ಜಗಳ ಬೇರೆ ಇಬ್ಬರದು. ಒಬ್ಬ ಹಿತ್ತಾಳೆಯ ಕೈಗಂಟೆ ಬಾರಿಸುತ್ತ ಬರುತ್ತಿದ್ದ. ಆ ಸದ್ದು ಕೇಳಿದೊಡನೆ ಆಯಿ, ಜಂಗಮರು ಬಾಗಿಲಿಗೆ ಬಂದರೇನೋ ಎನ್ನುವಂತೆ, ತಲೆಯ ಮೇಲೆ ಸೆರಗು ಎಳೆದುಕೊಳ್ಳುವಳು. ಅವನು ಗಂಟಿಸ್ವಾಮಿ. ಇನ್ನೊಬ್ಬ ಅವನ ಜೋಡಿದಾರ, ಕಬ್ಬಿಣ ಬಡಿದ ಬೂಟಿನವನು, ಬೂಟ್ಯಾ. ಜೋಡಿಯಾಗಿ ಅವರು ಸೋತದ್ದು ನನ್ನ ಡೈರಿಯಲ್ಲಿ ಒಂದೇ ಸಲ. ಅಂಥವರಲ್ಲಿ ಬೂಟ್ಯಾ ಒಂದು ಶನಿವಾರ, ಬೆನ್ನು ತಿರುಗಿಸಿ ನಿಂತಿದ್ದ ಗಂಟಿಸ್ವಾಮಿಯ ತಲೆಗೆ ಅವನದೇ ಗಂಟೆಯಿಂದ ಹೊಡೆದ. ಕಾಕಾ ಕೀಲಿ ಎಸೆದು ಆಗ ಹೆಚ್ಚು ದಿನ ಆಗಿರಲಿಲ್ಲ. ಕಿಟಕಿಯ ಆಚೆ, ಪಕ್ಕದ ಓಣಿಯಲ್ಲಿ, ಕಾಕಾ ಟೆಂಪೋದ ಗಾಜು ಒರೆಸುತ್ತ ನಿಂತಿದ್ದ. ಶನಿವಾರ ಸಂಜೆ ಅವನು ಆ ಒಂದು ಗಾಜನ್ನೇ ಬಹಳ ಹೊತ್ತು ಒರೆಸುತ್ತಿದ್ದ.

ಅಲ್ಲಿಂದ ವಾರವಾರವೂ ಗಂಟಿಸ್ವಾಮಿ, ಬೂಟ್ಯಾ ಒಬ್ಬರನ್ನೊಬ್ಬರು ಬಯ್ದರು, ಬೆನ್ನಟ್ಟಿದರು, ಆದರೆ ಕೈಗೆ ಕೈ ಹತ್ತಲಿಲ್ಲ. ಎಲ್ಲವೂ ಒಂದು ದೊಡ್ಡ ಜಂಗಿ ಪಂದ್ಯದ ದಿನ ತೀರ್ಮಾನವಾಗುತ್ತದೆ, ಆ ಪಂದ್ಯ ಶನಿವಾರದ ಆಟದಲ್ಲಿ ಬರುವುದಿಲ್ಲ, ಅಲ್ಲಿನವರು ಅದೊಂದಕ್ಕೇ ಬೇರೆ ದುಡ್ಡು ಕಟ್ಟಿ ಮನೆಯಲ್ಲಿ ನೋಡುತ್ತಾರೆ ಎಂದು ನಮ್ಮ ಇಂಗ್ಲಿಷ್ ಮಾಸ್ತರರು ಬಿಡಿಸಿ ಹೇಳಿದರು. ನಾನು ಬಂದು ಮನೆಯಲ್ಲಿ ಹೇಳಿದೆ.

"ಮನ್ಯಾಗಿನ ಟಿವಿ ಅವರದು, ಕೇಬಲ್ಲಿನ ರೊಕ್ಕ ಕಟ್ಟೋರು ಅವರು, ಮತ್ತ್ಯಾಕ ಬ್ಯಾರೆ ರೊಕ್ಕ?" ಅಂದ ಅಪ್ಪ.

"ಮದುವಿಗೆ ಕರದು ಊಟದ ಹೊತ್ತಿಗೆ ಬಾಗಲಾ ಹಾಕಿದಂಗಾತು," ಅಂದಳು ಆಯಿ.

ಹೋಗಲಿ, ಪಂದ್ಯ ಆದ ಮೇಲಿನ ಶನಿವಾರ ಯಾರು ಗೆದ್ದರೆಂದಾದರೂ ತಿಳಿಯುತ್ತದೆ ಎಂದು ಕಾದೆ. ಆ ಶನಿವಾರ ಟಿವಿ ಹಚ್ಚಿದರೆ ಕುಸ್ತಿಯ ಚಾನೆಲ್ಲೇ ಇಲ್ಲ. ಅಲ್ಲಿ ತೆಲುಗು ಸಿನೆಮಾ ನಡೆಯುತ್ತಿತ್ತು. ಕೇಬಲ್ಲಿನವನ ಅಂಗಡಿಗೆ ಓಡಿದೆ.

"ಆಂಧ್ರಾದಿಂದ ಬಂದು ನೆಲಸಿದ ಕ್ಯಾಂಪಿನೋರು ತೆಲುಗು ಚಾನೆಲ್ ಬೇಕಂತ ಕುಂತಾರವ್ವ. ಅವರ ಕನೆಕ್ಷನ್ ಜಾಸ್ತಿ. ಡಬ್ಬ್ಯಾಗ ಜಾಗಾ ಇಲ್ಲ, ನಿಮ್ಮ ಕುಸ್ತಿ ಎಲ್ಲಿ ಹಾಕ್ಲಿ, ನನ್ನ ತಲಿಮ್ಯಾಲೆ?"

ಕಾಕಾನ ಹತ್ತಿರ ನಾನು ಏನೂ ಹೇಳಿರಲಿಲ್ಲ. ಆದರೆ ಕೆಲವು ವಾರಗಳ ಮೇಲೆ, ಶ್ರಾವಣದ ಆ ಭಾನುವಾರ, ಅವನು ಒಂದು ಕ್ಯಾಸೆಟ್ ತಂದು ಆಯಿಯ ಮಣೆಯ ಪಕ್ಕ ಇಟ್ಟ. ಲಿಂಗಸೂಗೂರಿನ ಬಸ್‌ಸ್ಟ್ಯಾಂಡಿನ ಎದುರು ಖಾಜಾಸಾಬ ಎಂಬುವನ ವಿಡಿಯೋ ಅಂಗಡಿ ಇತ್ತು. ಹೈದರಾಬಾದಿನಿಂದ ಅವನಿಗೆ ಇಂಥವು ಬರುತ್ತಿದ್ದವು.

"ಗಂಟಿಸ್ವಾಮಿದು," ಅಂದ ಕಾಕಾ, ಆಯಿಗೆ ಮಾತ್ರ ಕೇಳುವಂತೆ.

ಆಯಿ ಎದ್ದು ಕಾಕಾನ ಕಡೆಯ ಕೋಣೆಗೆ ಹೋಗಿ, ಸೀರೆಯಲ್ಲಿ ಸುತ್ತಿದ ವಿಸಿಆರನ್ನು ಕೂಸಿನಂತೆ ಎತ್ತಿಕೊಂಡು, ಸುಣ್ಣದ ಗೆರೆ ದಾಟಿ ತಂದು ಟಿವಿಯ ಮುಂದೆ ಇಟ್ಟಳು. ಯಾರನ್ನೂ ಕೇಳಲಿಲ್ಲ. ಅಪ್ಪ ವೈರು ಹಿಡಿದುಕೊಂಡು ಟಿವಿಯ ಹಿಂದೆ ಬಗ್ಗಿದ. ಅವನಿಗೆ ಯಾವುದು ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಕಾಕಾ ಹೊಸ್ತಿಲಲ್ಲಿ ನಿಂತಿದ್ದ. ನಾನು ನಡುವೆ.

"ಗಿರಿಜಾ, ನಿಮ್ಮಪ್ಪಗ ಹೇಳು, ಆ ತೂತಲ್ಲ, ಕೆಳಗಿಂದು."

"ಗಿರಿಜಾ, ನಿಮ್ಮ ಕಾಕಾಗ ಹೇಳು, ಕೆಳಗ ಎರಡು ತೂತದಾವು."

"ಬಲಗಡಿದು ಅಂತ ಹೇಳು."

"ಯಾರ ಬಲಗಡಿ ಅಂತ ಕೇಳು. ನನಗ ಬಲಗಡಿನೋ, ಟಿವಿಗೆ ಬಲಗಡಿನೋ?"

ನಾನು ಬಾಯಿ ತೆರೆಯುವ ಮೊದಲೇ ಆಯಿ ಕಾಕಾನ ಕಡೆ ತಿರುಗಿದಳು.

"ಲೇ ಬಸ್ಯಾ, ಸಂಜಿತನಕ ಆ ಹುಡುಗಿ ಗಂಟಲಾ ಹರಿಸಬ್ಯಾಡ. ಒಳಗ ಬಂದು ಹಚ್ಚು."

ಕಾಕಾ ಒಂದು ಕಾಲು ಒಳಗಿಟ್ಟ. ಆಮೇಲೆ ಇನ್ನೊಂದನ್ನೂ ಇಟ್ಟ. ಮೂರು ಗಂಟೆ ಹತ್ತು ನಿಮಿಷಕ್ಕೆ ಕ್ಯಾಸೆಟ್ ಒಳಗೆ ಹೋಯಿತು.

ಮೂಟಿ ಮಿಡತಿಯ ಮೇಲೆ ಬಿದ್ದು ಗೆದ್ದ. ಮುಖಕ್ಕೆ ಬಣ್ಣ ಬಳಿದವರು ಬಂದರು, ಹೋದರು. ಅವ್ವ ಮತ್ತು ಕಾಕಿ ಒಂದೇ ಮೊರದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಕೊನೆಗೆ ಗಂಟೆ ಕೇಳಿಸಿತು. ಆಯಿ ಸೆರಗೆಳೆದುಕೊಂಡಳು. ಗಂಟಿಸ್ವಾಮಿಯ ಹಣೆಗೆ ಪಟ್ಟಿ ಇತ್ತು. ಬೂಟ್ಯಾ ಎದುರಿನಿಂದ ಬಂದ. ಇಬ್ಬರೂ ಚೌಕದ ನಡುವೆ ಎದೆಗೆದೆ ಹತ್ತುವಷ್ಟು ಹತ್ತಿರ ನಿಂತರು. ಆಗ ಗಂಟಿಸ್ವಾಮಿ ಗಂಟೆಯನ್ನು ಕೆಳಗಿಟ್ಟು ಬಲಗೈ ಮುಂದೆ ಚಾಚಿದ. ಬೂಟ್ಯಾ ಆ ಕೈಯನ್ನು ನೋಡಿದ. ಅವನ ಭುಜ ಅಲುಗಿತು. ಅಷ್ಟೇ. ಪರದೆಯ ತುಂಬ ಬಿಳಿ ಚುಕ್ಕೆಗಳು ಕುದಿಯತೊಡಗಿದವು. ಕ್ಯಾಸೆಟ್ ಮುಗಿದಿತ್ತು. ಡಬ್ಬಿಯ ಬೆನ್ನ ಮೇಲೆ ನೋಡಿದರೆ ಉರ್ದುವಿನಲ್ಲಿ ಒಂದು ಅಂಕಿ. ಕಾಕಾ ಓದಿ ಹೇಳಿದ: ಇದು ಒಂದನೇದು, ಎರಡನೇದು ಬೇರೆ ಇದೆ.

"ನೋಡಿ ತರಬೇಕಿಲ್ಲೇನು?" ಅಂದ ಅಪ್ಪ. ನನಗೆ ಹೇಳಲಿಲ್ಲ. ನೇರ ಕಾಕಾನ ಮುಖ ನೋಡಿ ಅಂದ.

"ನನಗೇನ ಕನಸು ಬಿದ್ದಿತ್ತೇನಣ್ಣ?"

"ಕೈ ಹಿಡಿದಿರ್ತಾನ," ಅಂದಳು ಆಯಿ.

"ಎಲ್ಲಿ ಹಿಡಿತಾನ? ಒಮ್ಮೆ ಹೊಡದವ ಮತ್ತ ಹೊಡಿತಾನ," ಅಂದ ಅಪ್ಪ.

"ಮೊದಲ ಯಾರು ಏನಂದ್ರು ಅನ್ನೋದು ನಿನಗೇನ ಗೊತ್ತು? ಬೂಟ್ಯಾ ಸುಮ್ಮಸುಮ್ಮನ ಹೊಡದಿಲ್ಲ. ಮೂರು ತಿಂಗಳಿಂದ ಅವನ್ನ ಹಿಂದ ನಿಂದ್ರಿಸಿ ಇವನೊಬ್ಬನ ಗಂಟಿ ಬಾರಿಸ್ಯಾನ," ಅಂದ ಕಾಕಾ.

"ಅದಕ್ಕ ತಲಿಗೆ ಹೊಡಿಯೋದೇನು?"

"ಹೊಡದದ್ದು ತಪ್ಪು. ಆದ್ರ ಅಂದದ್ದೂ ತಪ್ಪು."

ದೀಪ ಹಚ್ಚುವವರೆಗೂ ಅವರು ಬೂಟ್ಯಾ, ಗಂಟಿಸ್ವಾಮಿ ಎಂದೇ ಜಗಳಾಡಿದರು. ಅವ್ವ ಎರಡು ಸಲ ಚಹಾ ಮಾಡಿದಳು. ನನಗೆ ಅದ್ಯಾವುದೂ ಬೇಕಿರಲಿಲ್ಲ. ಎರಡನೇ ಕ್ಯಾಸೆಟ್ ಬೇಕಿತ್ತು.

ಮರುದಿನ ವಳಕಮದಿನ್ನಿಯಿಂದ ಗೋಡೆ ಕಟ್ಟುವ ಗೌಂಡಿ ಬಂದ, ಕೈಯಲ್ಲಿ ಕರಣಿ, ದಾರ. ಆಯಿ ಮಣೆಯ ಮೇಲಿಂದ ಏಳಲಿಲ್ಲ.

"ಇನ್ನೂ ಕುಸ್ತಿ ಮುಗಿದಿಲ್ಲಪ್ಪ. ಆ ಇಬ್ಬರದು ಏನಾತು ಅಂತ ನೋಡಿ, ಆಮ್ಯಾಲೆ ಗೋಡಿ."

"ಎಂದ ಮುಗಿತೈತ್ರಿ ಅಮ್ಮಾರ?"

"ಬಸ್ಯಾ ನಾಳೆ ಕ್ಯಾಸೆಟ್ ತರ್ತಾನ."

ವಿಸಿಆರ್ ಬಿಚ್ಚಲಿಲ್ಲ, ನಾಳೆ ಮತ್ತೆ ಬೇಕಲ್ಲ ಎಂದು. ಆ ನಾಳೆ ಬರಲೇ ಇಲ್ಲ. ಕಾಕಾ ದಿನಾ ಲಿಂಗಸೂಗೂರಿಗೆ ಹೋಗುತ್ತಿದ್ದ, ಖಾಜಾಸಾಬನ ಅಂಗಡಿಯ ಎದುರೇ ಟೆಂಪೋ ನಿಲ್ಲಿಸುತ್ತಿದ್ದ, ಸಂಜೆ ಬರಿಗೈಯಲ್ಲಿ ಬರುತ್ತಿದ್ದ. ನನ್ನ ಡೈರಿ ನೋಡಿ. ಮಂಗಳವಾರ: ಅಂಗಡಿ ಬಂದ್ ಇತ್ತಂತೆ. ಗುರುವಾರ: ಕ್ಯಾಸೆಟ್ಟು ಮುದಗಲ್ಲಿಗೆ ಯಾರೋ ಒಯ್ದಿದ್ದಾರಂತೆ. ಶುಕ್ರವಾರ: ಸೀಟು ತುಂಬಿತ್ತು, ಇಳಿಯಲಿಕ್ಕೆ ಆಗಲಿಲ್ಲವಂತೆ. ಮುಂದಿನ ಮಂಗಳವಾರ: ಮರೆತನಂತೆ. ಅಪ್ಪ, ಒಂದು ಗೊಬ್ಬರದ ಚೀಲ ತಡವಾದರೆ ಊರು ಒಂದು ಮಾಡುವವನು, ಇದನ್ನೆಲ್ಲ ಕೇಳಿ "ಹೌದೇನು" ಎಂದು ಸುಮ್ಮನಾಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಕೆಲಸ ಹಿಡಿದರೆ ಮುಗಿಸಬೇಕು ಎಂಬುದು ಈ ಮನೆಯಲ್ಲಿ ನನಗೊಬ್ಬಳಿಗೇ ತಿಳಿದಿದೆಯೇ ಎನಿಸುತ್ತಿತ್ತು. ಈಗಲೂ ಕೆಲಸದ ಜಾಗದಲ್ಲಿ ಅರ್ಧ ಮುಗಿದ ಕಡತ ಮೇಜಿನ ಮೇಲಿದ್ದರೆ ನನಗೆ ಊಟ ಸೇರುವುದಿಲ್ಲ. ಅದು ಆ ಶ್ರಾವಣದಲ್ಲಿ ಹತ್ತಿದ ರೋಗ. ಸಂಜೆಗಳಲ್ಲಿ ಸಿಂಧನೂರಿನ ವಿಡಿಯೋ ಅಂಗಡಿಯಿಂದಲೇ ಯಾವುದಾದರೂ ಸಿನೆಮಾ ತಂದು ಎಲ್ಲರೂ ಕೂತು ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ಗಂಟಿಸ್ವಾಮಿಯ ಮಾತು ಬರುತ್ತಿತ್ತು. ಗೌಂಡಿ ಸಂತೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, "ಕುಸ್ತಿ ಮುಗೀತೇನ್ರಿ?" ಎಂದು ಕೇಳಿ, ಚಹಾ ಕುಡಿದು ಹೋಗುತ್ತಿದ್ದ.

ದಸರೆಯ ರಜೆ ಬಂತು. ನಾನೇ ಹೋಗುತ್ತೇನೆಂದು ಹಟ ಹಿಡಿದು ಕಾಕಾನ ಟೆಂಪೋ ಹತ್ತಿದೆ. ಲಿಂಗಸೂಗೂರಿನಲ್ಲಿ ಕಾಕಾ ಇಳಿಯುವ ಮೊದಲೇ ಇಳಿದು ಖಾಜಾಸಾಬನ ಮುಂದೆ ನಿಂತೆ. ಮೆಹೆಂದಿ ಹಚ್ಚಿದ ಗಡ್ಡದ ಮುದುಕ.

"ಎರಡನೇದಾ? ಇಲ್ಲೇ ಐತಲ್ಲವ್ವ ಬೇಟಿ," ಎಂದು ಹಿಂದಿನ ಹಲಗೆಯಿಂದ ತೆಗೆದು ಕೊಟ್ಟ. "ಶುರೂದಿಂದ ಇಲ್ಲೇ ಐತಿ. ನಿಮ್ಮ ಕಾಕಾ ದಿನಾ ಬಂದು ಕೇಳ್ತಾನ. 'ಐತೇನು ಸಾಬ್?' ಅಂತಾನ. ಐತಿ ಅಂದ್ರ, 'ಇರ್ಲಿ ಇರ್ಲಿ, ಯಾರಿಗೂ ಕೊಡಬ್ಯಾಡ್ರಿ' ಅಂತ ಹೇಳಿ ಹೋಗ್ತಾನ. ನನಗೂ ತಿಳಿವಲ್ದು."

ಕಾಕಾ ಹಿಂದೆ ಬಂದು ನಿಂತಿದ್ದ. ನಾನು ತಿರುಗಿ ನೋಡಿದರೆ ಬಾಳೆಹಣ್ಣಿನ ಗಾಡಿಯ ಕಡೆ ನೋಡುತ್ತಿದ್ದ. ಕ್ಯಾಸೆಟ್ಟನ್ನು ಎದೆಗೆ ಅವಚಿಕೊಂಡು ಅವನ ಪಕ್ಕದ ಸೀಟಿನಲ್ಲಿ ಕೂತೆ. ಮಸ್ಕಿಯಲ್ಲಿ ಜನ ನುಗ್ಗಿತು.

"ಕೊಡಿಲ್ಲಿ ಅದನ್ನ, ಜನ ತುಳದಾರು," ಎಂದು ಕಾಕಾ ನನ್ನ ಕೈಯಿಂದ ತೆಗೆದುಕೊಂಡು, ತನ್ನ ಟವೆಲಿನಲ್ಲಿ ಸುತ್ತಿ ಬಾನೆಟ್ಟಿನ ಮೇಲಿಟ್ಟ.

ಬಾನೆಟ್ಟೆಂದರೆ ಡ್ರೈವರನ ಪಕ್ಕ, ಟೆಂಪೋದ ಒಳಗೇ ಇರುವ ಇಂಜಿನ್ನಿನ ಮುಚ್ಚಳ. ಅದರ ಮೇಲೆ ಯಾರೂ ಏನೂ ಇಡಕೂಡದು. ಗುಡಿಗೆ ಒಯ್ಯುವ ಹೂವಿನ ಬುಟ್ಟಿ ಇಟ್ಟ ಮುದುಕಿಗೂ, "ಎತ್ತಬೇ, ಬಾಡ್ತಾವು," ಎಂದು ಕಾಕಾ ಗದರುವುದನ್ನು ನಾನು ಅದೇ ದಿನ ಬೆಳಿಗ್ಗೆ ಕೇಳಿದ್ದೆ. ಬೆಲ್ಲ ಇಟ್ಟರೆ ಪಾಕವಾಗುತ್ತದೆ, ಬೆಣ್ಣೆ ಇಟ್ಟರೆ ತುಪ್ಪವಾಗುತ್ತದೆ ಎಂದು ಅವನೇ ಎಲ್ಲರಿಗೂ ಹೇಳುವವನು. ಮಸ್ಕಿಯಲ್ಲಿ ಇಂಜಿನ್ ನಿಲ್ಲಿಸದೆ ಇಳಿದು ಹೋಗಿ, ಮಿರ್ಚಿ ಮಂಡಕ್ಕಿ ತಿಂದು, ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬಂದ. ನನಗೂ ಒಂದು ಪೊಟ್ಟಣ ಮಿರ್ಚಿ ತಂದುಕೊಟ್ಟ. ನನ್ನ ತೊಡೆಯ ಮೇಲೆ ಯಾರದೋ ಕೂಸು, ಕಾಲಡಿಗೆ ಯಾರದೋ ಚೀಲ. ಟವೆಲಿನ ಗಂಟಿಗೆ ನನ್ನ ಕೈ ಎಟುಕಲಿಲ್ಲ.

ಸಿಂಧನೂರಿನಲ್ಲಿ ಬಿಚ್ಚಿ ನೋಡಿದರೆ ಕ್ಯಾಸೆಟ್ಟು ಹಪ್ಪಳದಂತೆ ಸೊಟ್ಟಗಾಗಿತ್ತು. ಒಳಗಿನ ಚಕ್ರ ತಿರುಗಲಿಲ್ಲ. ನಾನು ಪಡಸಾಲೆಯಲ್ಲಿ ನಿಂತು ಅತ್ತೆ. ದುಃಖದ ಅಳು ಅಲ್ಲ, ಹಲ್ಲು ಕಚ್ಚಿಕೊಂಡು ಅಳುವ ಅಳು.

"ಬಾನೆಟ್ಟಿನ ಮ್ಯಾಲೆ ಇಟ್ಟಿದ್ದಿ ನೀ," ಅಂದೆ ಕಾಕಾನಿಗೆ.

"ಮರತೆ ನೋಡವ್ವ," ಅಂದ.

ಅಪ್ಪ ಕ್ಯಾಸೆಟ್ ಇಸಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಈಗ ಬಯ್ಯುತ್ತಾನೆ, ಕೀಲಿಯ ಕಾಲದ ಸಿಟ್ಟೆಲ್ಲ ಹೊರಗೆ ಬರುತ್ತದೆ ಎಂದು ನಾನು ಅಳು ನಿಲ್ಲಿಸಿ ಕಾದೆ. ಅವನು ತಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

"ಹೋಗ್ಲಿ ಬಿಡು. ಸಾಬಗ ಏನ ಕೊಡಬೇಕೋ ಅಂಗಡಿ ಡಬ್ಬ್ಯಾಗಿಂದ ತಗೊಂಡು ಕೊಡು," ಎಂದು ಹೇಳಿ, ಅಂಗಡಿಯ ಕೀಲಿಗೊಂಚಲನ್ನು ಕಾಕಾನ ಕಡೆ ಚಾಚಿದ. ಕಾಕಾ ಆ ಕೈಯನ್ನು ನೋಡಿದ. ಕೀಲಿ ತಗೊಂಡು ಅಂಗಡಿಯ ಕಡೆ ನಡೆದ.

"ಇನ್ನೊಂದು ಕ್ಯಾಸೆಟ್ ತರಸೂಣು. ಅವಸರೇನೈತಿ," ಅಂದಳು ಆಯಿ, ಮಣೆಯ ಮೇಲಿಂದ.

ಇನ್ನೊಂದು ಬರಲಿಲ್ಲ. ಆಮೇಲೆ ಖಾಜಾಸಾಬ ಅಂಗಡಿ ಮುಚ್ಚಿದ, ಕ್ಯಾಸೆಟ್ಟುಗಳ ಕಾಲವೇ ಮುಗಿಯಿತು. ಆಯಿ ತೀರಿಹೋದಳು. ಕಡೆಯವರೆಗೂ ಅವಳದು ಒಂದೇ ಮಾತು, ಕೈ ಹಿಡಿದಿರುತ್ತಾನೆ ಎಂದು. ನಾನು ಕಂಪ್ಯೂಟರಿನಲ್ಲಿ ಬಹಳ ಹುಡುಕಿದ್ದೇನೆ. ಅದು ಹೆಸರಾದ ಕಂಪನಿಯ ಕುಸ್ತಿಯಲ್ಲ, ಸ್ವಲ್ಪ ದಿನ ನಡೆದು ನಿಂತುಹೋದ ಯಾವುದೋ ಸಣ್ಣದು. ಡೈರಿಯಲ್ಲಿ ನಾನು ಬರೆದಿಟ್ಟಿರುವುದು ಗಂಟಿಸ್ವಾಮಿ, ಬೂಟ್ಯಾ ಎಂದೇ. ಎಲ್ಲವನ್ನೂ ಬರೆದವಳು ಅವರ ನಿಜವಾದ ಹೆಸರೊಂದನ್ನು ಬರೆದುಕೊಳ್ಳಲಿಲ್ಲವಲ್ಲ ಎಂದು ನನ್ನ ಮೇಲೆಯೇ ಕೆಂಡವಾಗುತ್ತೇನೆ.

ಆ ಪಂದ್ಯವನ್ನು ಕೊನೆಯವರೆಗೆ ನೋಡಿದವರು ಎಲ್ಲಾದರೂ ಇರಬೇಕು. ಒಬ್ಬ ಹಿತ್ತಾಳೆಯ ಕೈಗಂಟೆಯವನು, ಹಣೆಗೆ ಪಟ್ಟಿ. ಇನ್ನೊಬ್ಬ ಕಬ್ಬಿಣದ ಬೂಟಿನವನು. ಮೊದಲನೆಯವನು ಕೈ ಚಾಚಿದ ಮೇಲೆ ಎರಡನೆಯವನು ಹಿಡಿದನೋ, ಹೊಡೆದನೋ? ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ. ಆದರೆ ನನ್ನ ಹೆಸರಿಗೆ, ಈ ಪುಸ್ತಕದ ಪ್ರಕಾಶಕರ ವಿಳಾಸಕ್ಕೆ ಬರೆಯಿರಿ. ಸಿಂಧನೂರಿನ ಮನೆಗೆ ಕಳಿಸಬೇಡಿ. ಅಲ್ಲಿ ಆ ಗೋಡೆಯ ಇಟ್ಟಿಗೆ ಇನ್ನೂ ಅಂಗಳದಲ್ಲೇ ಬಿದ್ದಿದೆ.